ಕಡಿಮೆ ಖರ್ಚಿನಲ್ಲಿ ಕಾರಿಗೆ ಹೊಸ ಕಳೆ: ನಮ್ಮ ಕೈಯಾರೆ ಮಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಕಾರು ಹಳೆಯದಾಗಿ ಕಾಣುವುದಕ್ಕೆ ಅದರ ವಯಸ್ಸೊಂದೇ ಕಾರಣವಲ್ಲ. ಹಳದಿಯಾದ ಹೆಡ್‌ಲೈಟ್, ಬೂದಿ ಬಣ್ಣಕ್ಕೆ ತಿರುಗಿದ ಕಪ್ಪು ಪ್ಲಾಸ್ಟಿಕ್, ಬಣ್ಣ ಎದ್ದುಹೋದ ವೈಪರ್, ಗೀರು ಬಿದ್ದ ವೀಲ್ ಕ್ಯಾಪ್. ನೋಡುವವರ ಕಣ್ಣು ಹೋಗುವುದು ಇಂಥ ನಾಲ್ಕೈದು ಕಡೆಗೇ. ಇವನ್ನು ಹಾಗೇ ಬಿಟ್ಟು ಸ್ಪಾಯ್ಲರ್, ಕ್ರೋಮ್ ಪಟ್ಟಿ, ಸ್ಟಿಕ್ಕರ್ ಅಂತ ದುಡ್ಡು ಹಾಕಿದರೆ ಹೊಸದರ ಪಕ್ಕದಲ್ಲಿ ಹಳೆಯದು ಇನ್ನೂ ಹಳೆಯದಾಗಿ ಕಾಣುತ್ತದೆ, ಅಲ್ವಾ?

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಇರುವುದನ್ನು ಸರಿಮಾಡುವುದು, ಆಮೇಲೆ ಬೇಡದ್ದನ್ನು ತೆಗೆಯುವುದು, ಕೊನೆಗೆ ಹೊಸದನ್ನು ಸೇರಿಸುವುದು. ಮೊದಲ ಹಂತ ಮುಗಿದಾಗ ಎಷ್ಟೋ ಜನರಿಗೆ ಮೂರನೆಯದು ಬೇಕೆಂದೇ ಅನಿಸುವುದಿಲ್ಲ. ಇನ್ನೊಂದು ಮಾತು. ಹೊಸ ಕೈಯಾದರೆ ವಾಪಸ್ ತೆಗೆಯಲು ಬರುವ ಕೆಲಸದಿಂದಲೇ ಶುರುಮಾಡಿ. ವಿನೈಲ್ ಶೀಟ್, ಅಂದರೆ ಮೇಲೆ ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆ, ಚೆನ್ನಾಗಿ ಬರದಿದ್ದರೆ ಕಿತ್ತು ಹಾಕಬಹುದು. ಸ್ಪ್ರೇ ಮಾಡಿದ ಬಣ್ಣವನ್ನು ಹಾಗೆ ಕೀಳಲು ಆಗುವುದಿಲ್ಲ.

ತೊಳೆಯುವುದೂ ಒಂದು ಕೆಲಸವೇ

ಮುಂದಿನ ಎಲ್ಲ ಕೆಲಸವೂ ನಿಂತಿರುವುದು ಇದರ ಮೇಲೆ. ಧೂಳು ಉಳಿದಿದ್ದರೆ ನೀವು ತಿಕ್ಕುವ ಬಟ್ಟೆಯೇ ಗೀರು ಹಾಕುತ್ತದೆ. ಎಣ್ಣೆ ಪಸೆ ಉಳಿದಿದ್ದರೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೊದಲು ನೀರು ಹೊಯ್ದು ಮಣ್ಣು ಇಳಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆಯುತ್ತಾ ಬನ್ನಿ. ಚಕ್ರಗಳಿಗೆ ಬೇರೆ ನೀರು, ಬೇರೆ ಬಟ್ಟೆ. ಬ್ರೇಕ್‌ನಿಂದ ಉದುರುವ ಧೂಳಿನಲ್ಲಿ ಲೋಹದ ಸಣ್ಣ ಕಣಗಳಿರುತ್ತವೆ. ಅದೇ ಬಟ್ಟೆ ಬಾಗಿಲಿಗೆ ತಾಗಿದರೆ ಗೀರು ಗ್ಯಾರಂಟಿ. ಪಾತ್ರೆ ತೊಳೆಯುವ ಸೋಪು ವ್ಯಾಕ್ಸ್ ಪದರವನ್ನು ಕಿತ್ತು ಹಾಕುತ್ತದೆ, ದಿನನಿತ್ಯದ ತೊಳೆಯುವಿಕೆಗೆ ಅದು ಬೇಡ.

ಒಣಗಿದ ಮೇಲೆ ಒಂದು ಪರೀಕ್ಷೆ ಮಾಡಿ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿ ಬೆರಳಿಗೆ ನುಣುಪು ಅನಿಸಿದ ಜಾಗ ಈಗ ಗರಗರ ಅನ್ನುತ್ತದೆ. ಅದು ಬಣ್ಣಕ್ಕೆ ಅಂಟಿಕೊಂಡ ಡಾಂಬರು, ಮರದ ಅಂಟು, ಲೋಹದ ಕಣ. ಶಾಂಪೂಗೆ ಇದು ಬಗ್ಗುವುದಿಲ್ಲ. ಇದಕ್ಕೆ ಕ್ಲೇ ಬಾರ್ ಬೇಕು, ಅಂದರೆ ಕೊಳೆಯನ್ನು ಹಿಡಿದೆಳೆಯುವ ಜೇಡಿಮಣ್ಣಿನಂಥ ಮೆತ್ತನೆಯ ತುಂಡು. ಜಾರಲು ಕ್ಲೇ ಜೊತೆ ಬರುವ ಸ್ಪ್ರೇ ಹೊಡೆದು, ಭಾರ ಹಾಕದೆ, ನೇರ ಗೆರೆಯಲ್ಲಿ ಹಿಂದೆ ಮುಂದೆ ಸವರಿ. ಗರಗರ ಸದ್ದು ನಿಂತರೆ ಆ ಜಾಗ ಮುಗಿಯಿತು. ಕ್ಲೇ ಕೆಳಗೆ ಬಿದ್ದರೆ ಆ ತುಂಡನ್ನು ಎಸೆಯಲೇಬೇಕು. ಅದರೊಳಗೆ ಸೇರಿದ ಮರಳನ್ನು ತೆಗೆಯಲು ಆಗುವುದಿಲ್ಲ.

ಈಗ ಬಣ್ಣದ ಗೀರುಗಳನ್ನು ನೋಡಿ. ಉಗುರನ್ನು ಗೀರಿನ ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಕೈಯಿಂದ ಪಾಲಿಶ್ ಮಾಡಿದರೆ ಸಾಕು. ಸಿಕ್ಕಿಕೊಂಡರೆ ಪಾಲಿಶ್‌ನಿಂದ ಅದು ಹೋಗುವುದಿಲ್ಲ, ಸುಮ್ನೆ ಉಜ್ಜಬೇಡಿ. ಕಾರ್ಖಾನೆಯಿಂದ ಬಂದ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್ ಅಷ್ಟೇ. ಬಾಗಿಲಿನ ಅಂಚು, ಬಾನೆಟ್‌ನ ಏಣುಗಳಲ್ಲಿ ಇನ್ನೂ ತೆಳು. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಅದರಲ್ಲಿ ಒಂದಿಷ್ಟು ಸವೆಯುತ್ತದೆ.

ಕಲ್ಲು ಬಡಿದು ಚುಕ್ಕಿ ಚುಕ್ಕಿಯಾಗಿ ಬಣ್ಣ ಹಾರಿದ್ದರೆ ಟಚ್-ಅಪ್ ಬಣ್ಣ ತನ್ನಿ. ಬಣ್ಣದ ಕೋಡ್ ಚಾಲಕನ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಬಾಟಲಿಯ ಜೊತೆ ಬರುವ ಬ್ರಷ್ ದಪ್ಪ. ಹಲ್ಲು ಕಡ್ಡಿಯ ತುದಿಯಲ್ಲಿ ಅದ್ದಿ ಗುಳಿಯೊಳಗೆ ಮಾತ್ರ ಬಿಡಿ. ಒಂದೇ ಸಲ ತುಂಬಿಸಬೇಡಿ. ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲವೂ ಒಣಗಲು ಬಿಟ್ಟು.

ಹೆಡ್‌ಲೈಟ್: ಅತಿ ಹೆಚ್ಚು ಫಲ ಕೊಡುವ ಕೆಲಸ

ಒಂದೇ ಒಂದು ಕೆಲಸ ಮಾಡಲು ಸಮಯವಿದೆ ಎಂದರೆ ಇದನ್ನೇ ಮಾಡಿ. ಕಾರಿನ ಮುಖ ಬದಲಾಗುತ್ತದೆ, ರಾತ್ರಿ ಬೆಳಕೂ ಜಾಸ್ತಿಯಾಗುತ್ತದೆ.

ಈಗಿನ ಬಹುತೇಕ ಕಾರುಗಳ ಹೆಡ್‌ಲೈಟ್ ಮುಚ್ಚಳ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ನದು. ಬಿಸಿಲಿನ ಅತಿನೇರಳೆ ಕಿರಣ ತಾಳಲೆಂದು ಅದರ ಮೇಲೆ ಒಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ವರ್ಷಗಳಾದಂತೆ ಆ ಲೇಪ ಸವೆದು ಬಿರುಕು ಬಿಡುತ್ತದೆ, ಅಡಿಯ ಪ್ಲಾಸ್ಟಿಕ್ ಹಳದಿಯಾಗುತ್ತದೆ. ನಾವು ಮಾಡುವುದು ಇಷ್ಟೇ. ಹಾಳಾದ ಲೇಪವನ್ನು ಪೂರ್ತಿ ತೆಗೆದು, ನುಣುಪು ಮಾಡಿ, ಹೊಸ ರಕ್ಷಣೆ ಕೊಡುವುದು. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಎಲ್ಲರಿಗೂ ಗೊತ್ತು. ಅದು ಮೇಲ್ಮೈಯನ್ನು ಸ್ವಲ್ಪ ಹೊಳೆಯಿಸುತ್ತದೆ ನಿಜ, ಆದರೆ ರಕ್ಷಣೆ ಏನೂ ಕೊಡುವುದಿಲ್ಲ. ಕೆಲವೇ ದಿನದಲ್ಲಿ ಮತ್ತೆ ಅದೇ ಹಳದಿ.

ಶುರುಮಾಡುವ ಮೊದಲು ಮಂಜು ಹೊರಗಿದೆಯೋ ಒಳಗಿದೆಯೋ ನೋಡಿ. ಒದ್ದೆ ಬೆರಳಲ್ಲಿ ಒರೆಸಿದಾಗ ಆ ಜಾಗ ಸ್ವಲ್ಪ ಹೊತ್ತು ತಿಳಿಯಾಗಿ ಕಂಡರೆ ದೋಷ ಹೊರಗಿದೆ. ಒಳಗೆ ನೀರಿನ ಹನಿ ಕಂಡರೆ ಸೀಲ್ ಬಿಟ್ಟಿದೆ ಎಂದು ಅರ್ಥ, ಹೊರಗೆ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ.

1. ಹೆಡ್‌ಲೈಟ್ ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ. ಕೈ ಜಾರಿದರೆ ಒಂದು ಸುತ್ತು ಹರಿದೇ ಹರಿಯುತ್ತದೆ.

2. 800, 1500, 2000, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ, ನಂಬರ್ ಹೆಚ್ಚಾದಷ್ಟೂ ನುಣುಪು) ತಂದು, ಶಾಂಪೂವಿನ ಎರಡು ಹನಿ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿಡಿ. ಮಂಜು ಹೆಚ್ಚಿಲ್ಲದಿದ್ದರೆ 800 ಬೇಡ, 1500ರಿಂದಲೇ ಶುರುಮಾಡಿ.

3. ಪೇಪರನ್ನು ಸ್ಪಾಂಜಿಗೆ ಸುತ್ತಿ ಅಡ್ಡಡ್ಡ ತಿಕ್ಕಿ, ನೀರು ಹಾಕುತ್ತಲೇ ಇರಿ. ಇಳಿಯುವ ನೀರನ್ನು ಗಮನಿಸಿ. ಮೊದಮೊದಲು ಹಳದಿ ಕೆಸರಿನಂತೆ ಬರುತ್ತದೆ. ಬರಬರುತ್ತಾ ಬಿಳಿ ಹಾಲಿನಂತಾಗುತ್ತದೆ. ಎಲ್ಲ ಕಡೆಯಿಂದಲೂ ಬಿಳಿ ನೀರೇ ಬರುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ಅಲ್ಲಲ್ಲಿ ಹಳೆಯ ಲೇಪ ಉಳಿದರೆ ಕೊನೆಯಲ್ಲಿ ಅದು ಭೂಪಟದಂತೆ ಎದ್ದು ಕಾಣುತ್ತದೆ.

4. ಮುಂದಿನ ಪೇಪರ್ ತೆಗೆದುಕೊಂಡಾಗ ದಿಕ್ಕು ಬದಲಿಸಿ, ಈಗ ಉದ್ದಕ್ಕೆ. ಹಿಂದಿನ ಅಡ್ಡ ಗೆರೆಗಳು ಪೂರ್ತಿ ಮಾಯವಾದರೆ ಆ ಹಂತ ಮುಗಿಯಿತು. ಹೀಗೇ ಒಂದೊಂದು ನಂಬರಿಗೂ ದಿಕ್ಕು ಬದಲಿಸುತ್ತಾ 3000ಕ್ಕೆ ಬನ್ನಿ. ಈ ಹೊತ್ತಿಗೆ ಹೆಡ್‌ಲೈಟ್ ಮೊದಲಿಗಿಂತ ಕೆಟ್ಟದಾಗಿ, ಪೂರ್ತಿ ಮಬ್ಬಾಗಿ ಕಾಣುತ್ತದೆ. ಗಾಬರಿಯಾಗಬೇಡಿ, ಹಾಗೇ ಕಾಣಬೇಕು.

5. ಒಣಗಿಸಿ, ಪ್ಲಾಸ್ಟಿಕ್‌ಗೆ ಹೊಂದುವ ಪಾಲಿಶ್ ಅಥವಾ ನುಣುಪಾದ ಕಾಂಪೌಂಡ್ ಹಚ್ಚಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಉಜ್ಜಿ. ಕೈಯಲ್ಲಿ ಮಾಡಿದರೆ ತೋಳು ನೋಯುತ್ತದೆ. ಡ್ರಿಲ್‌ಗೆ ಹಾಕುವ ಸ್ಪಾಂಜ್ ಪ್ಯಾಡ್ ಇದ್ದರೆ ಕೆಲಸ ಬೇಗ, ಆದರೆ ಒಂದೇ ಕಡೆ ನಿಲ್ಲಿಸಿದರೆ ಪ್ಲಾಸ್ಟಿಕ್ ಸುಡುತ್ತದೆ.

6. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಪಾಲಿಶ್‌ನ ಪಸೆ ತೆಗೆಯಿರಿ. ಆಮೇಲೆ ಯುವಿ (ಅತಿನೇರಳೆ ಕಿರಣದ) ರಕ್ಷಣೆಯ ಲೇಪ ಹಚ್ಚಿ.

ಜನ ಬಿಟ್ಟುಬಿಡುವುದು ಈ ಆರನೆಯ ಹಂತವನ್ನೇ. ಐದನೆಯದು ಮುಗಿದಾಗ ಹೆಡ್‌ಲೈಟ್ ಥಳಥಳ ಅನ್ನುತ್ತದೆ, ಸಾಕು ಅನಿಸುತ್ತದೆ. ಆದರೆ ಈಗ ಪ್ಲಾಸ್ಟಿಕ್ ಬರಿಮೈಯಲ್ಲಿ ಬಿಸಿಲಿಗೆ ನಿಂತಿದೆ, ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಕಿಟ್ ಜೊತೆ ಬರುವ, ಬಟ್ಟೆಯಲ್ಲಿ ಒರೆಸುವ ಲೇಪ ಮನೆ ಕೆಲಸಕ್ಕೆ ಸಾಕು. ಇನ್ನೂ ಹೆಚ್ಚು ಬಾಳುವುದು ಗಟ್ಟಿಕಾರಕ ಬೆರೆಸಿ ಹೊಡೆಯುವ 2ಕೆ ಕ್ಲಿಯರ್. ಆದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ನಿಜಕ್ಕೂ ಅಪಾಯ. ಮೂಗಿಗೆ ಕಟ್ಟುವ ಸಾಮಾನ್ಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಆ ಕೆಲಸ ಪೇಂಟರ್‌ಗೆ ಬಿಡಿ.

ಕಪ್ಪು ಪ್ಲಾಸ್ಟಿಕ್ ಮತ್ತು ವೈಪರ್

ಬಂಪರ್‌ನ ಕೆಳಭಾಗ, ಚಕ್ರದ ಕಮಾನು, ವಿಂಡ್‌ಶೀಲ್ಡ್ ಬುಡದ ಜಾಲರಿ. ಇವು ಬಿಸಿಲಿಗೆ ಬೂದಿ ಬಣ್ಣವಾಗುತ್ತವೆ. ಹೊಳಪಿನ ಎಣ್ಣೆಯಂಥ ಡ್ರೆಸ್ಸಿಂಗ್ ಎರಡು ಮಳೆಗೆ ಹೋಗುತ್ತದೆ, ಹೋಗುವಾಗ ಬಾಗಿಲಿನ ಮೇಲೆ ಗೆರೆ ಬಿಡುತ್ತದೆ. ಬಣ್ಣ ಹಿಡಿಸುವ ಅಥವಾ ಸೆರಾಮಿಕ್ ಬಗೆಯ ಟ್ರಿಮ್ ಕೋಟಿಂಗ್ ತೆಗೆದುಕೊಳ್ಳಿ, ಒಮ್ಮೆ ಹಚ್ಚಿದರೆ ತಿಂಗಳುಗಟ್ಟಲೆ ಇರುತ್ತದೆ. ಮೊದಲು ಬ್ರಷ್ ಹಾಕಿ ಉಜ್ಜಿ ತೊಳೆಯಿರಿ, ಪೂರ್ತಿ ಒಣಗಿಸಿ, ಆಲ್ಕೊಹಾಲ್‌ನಲ್ಲಿ ಒರೆಸಿ. ಪಕ್ಕದ ಬಣ್ಣಕ್ಕೆ ಟೇಪ್ ಹಾಕಿ. ಸಣ್ಣ ಸ್ಪಾಂಜಿನಲ್ಲಿ ತೆಳುವಾಗಿ ಹಚ್ಚಿ, ಹೆಚ್ಚಾದ್ದನ್ನು ಕೂಡಲೇ ಒರೆಸಿ. ಹೀಟ್ ಗನ್ ಹಿಡಿದರೆ ಪ್ಲಾಸ್ಟಿಕ್ ಮತ್ತೆ ಕಪ್ಪಾಗುವುದೂ ನಿಜ, ಆದರೆ ಅದು ಬಹಳ ಕಾಲ ನಿಲ್ಲುವುದಿಲ್ಲ. ಒಂದು ಕ್ಷಣ ಹೆಚ್ಚಾದರೆ ಕರಗಿ ಹೊಳಪಿನ ಕಲೆ ಉಳಿಯುತ್ತದೆ. ನಾನು ಅದನ್ನು ಮಾಡಿ ಅನ್ನುವುದಿಲ್ಲ.

ವೈಪರ್ ಕಡ್ಡಿಗಳನ್ನು ಬಿಚ್ಚಿ, 400 ನಂಬರ್ ಪೇಪರ್‌ನಲ್ಲಿ ತುಕ್ಕು ತೆಗೆದು, ಮೊದಲು ಬಣ್ಣ ಹಿಡಿಯಲು ಬೇಕಾದ ಅಡಿಪದರ ಪ್ರೈಮರ್, ಆಮೇಲೆ ಹೊಳಪಿಲ್ಲದ ಮ್ಯಾಟ್ ಕಪ್ಪು ಹೊಡೆಯಿರಿ. ಬಿಚ್ಚುವ ಮೊದಲು ಅವು ಗಾಜಿನ ಮೇಲೆ ಎಲ್ಲಿ ನಿಂತಿವೆ ಎಂದು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಅರ್ಧ ದಿನದ ಕೆಲಸ. ಅಷ್ಟು ಸಣ್ಣ ವಸ್ತು ಕಾರಿನ ಮುಂಭಾಗವನ್ನು ಎಷ್ಟು ಚೊಕ್ಕ ಮಾಡುತ್ತದೆ ಎಂದು ನೋಡಿದರೇ ಗೊತ್ತಾಗುವುದು.

ಬೇಡದ ಬ್ಯಾಡ್ಜ್, ಹಳೆಯ ಸ್ಟಿಕ್ಕರ್ ತೆಗೆಯುವುದು

ಡಿಕ್ಕಿಯ ಮೇಲಿನ ಮಾಡೆಲ್ ಅಕ್ಷರಗಳನ್ನು ತೆಗೆದರೆ ಹಿಂಭಾಗ ಶಾಂತವಾಗಿ ಕಾಣುತ್ತದೆ. ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೇರ್ ಡ್ರೈಯರ್‌ನಲ್ಲಿ ಒಂದೆರಡು ನಿಮಿಷ ಬಿಸಿಮಾಡಿ. ಮೀನಿನ ಗಾಳದ ದಾರ ಅಥವಾ ಹಲ್ಲು ಶುಚಿ ಮಾಡುವ ಫ್ಲಾಸ್ ದಾರವನ್ನು ಅಕ್ಷರದ ಹಿಂದೆ ಹಾಕಿ ಗರಗಸದಂತೆ ಎಳೆಯಿರಿ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳಿಸಿ, ಮಿಕ್ಕದ್ದಕ್ಕೆ ಡಾಂಬರು ತೆಗೆಯುವ ದ್ರವ ಬಳಸಿ. ಆ ಜಾಗದ ಬಣ್ಣ ಸುತ್ತಲಿಗಿಂತ ಗಾಢವಾಗಿ ಕಂಡರೆ ಸುತ್ತಲೂ ಪಾಲಿಶ್ ಮಾಡಿ. ತುಂಬಾ ಹಳೆಯ ಕಾರಿನಲ್ಲಿ ನೆರಳಿನಂಥ ಗುರುತು ಪೂರ್ತಿ ಹೋಗದೆಯೂ ಇರಬಹುದು.

ಎರಡು ಎಚ್ಚರಿಕೆ. ಕೆಲವು ಬ್ಯಾಡ್ಜ್‌ಗಳ ಹಿಂದೆ ಮೊಳೆಯಂಥ ಕಡ್ಡಿ ಇದ್ದು ಅದು ತಗಡಿನ ತೂತಿಗೆ ಕೂತಿರುತ್ತದೆ. ಅಂಥವನ್ನು ತೆಗೆದರೆ ತೂತು ಉಳಿಯುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಮುಂದಿನ ಲೋಗೋ ಹಿಂದೆಯೇ ಎದುರಿನ ವಾಹನವನ್ನು ಗುರುತಿಸುವ ರಾಡಾರ್ ಇರುತ್ತದೆ. ಅದನ್ನು ತೆಗೆಯಲೂ ಬೇಡಿ, ಅದರ ಮೇಲೆ ಬಣ್ಣ ಹೊಡೆಯಲೂ ಬೇಡಿ.

ಚಕ್ರಕ್ಕೆ ಬಣ್ಣ

ಸ್ಪ್ರೇ ಕೆಲಸ ಕಲಿಯಲು ಪ್ಲಾಸ್ಟಿಕ್ ವೀಲ್ ಕ್ಯಾಪ್ ಒಳ್ಳೆಯ ಜಾಗ. ಕೆಟ್ಟರೂ ದೊಡ್ಡ ನಷ್ಟವಿಲ್ಲ. ಅಲ್ಲಿ ಕೈ ಕುದುರಿದ ಮೇಲೆ ಸ್ಟೀಲ್ ಅಥವಾ ಅಲಾಯ್ ಚಕ್ರಕ್ಕೆ ಹೋಗಿ.

ಚಕ್ರ ಬಿಚ್ಚಿ ಮಾಡುವುದೇ ಸರಿ. ಚೆನ್ನಾಗಿ ತೊಳೆದು, ಎಣ್ಣೆ ಪಸೆ ತೆಗೆಯುವ ಡೀಗ್ರೀಸರ್ ಹಾಕಿ, ಮೊದಲು 400, ಆಮೇಲೆ 600 ನಂಬರ್ ಪೇಪರ್‌ನಲ್ಲಿ ತಿಕ್ಕಿ. ಹಳೆಯ ಬಣ್ಣವನ್ನು ಪೂರ್ತಿ ಕೆರೆಯಬೇಕಿಲ್ಲ. ಎಲ್ಲ ಕಡೆ ಹೊಳಪು ಹೋಗಿ ಮಬ್ಬಾದರೆ ಹೊಸ ಬಣ್ಣ ಕಚ್ಚಿಕೊಳ್ಳುತ್ತದೆ. ಟೈರ್ ಮುಚ್ಚಲು ಇಸ್ಪೀಟ್ ಎಲೆಗಿಂತ ಒಳ್ಳೆಯ ಸಾಧನ ಇಲ್ಲ. ಟೈರ್ ಮತ್ತು ರಿಮ್ ನಡುವೆ ಒಂದರ ಪಕ್ಕ ಒಂದು ಸಿಕ್ಕಿಸುತ್ತಾ ಹೋದರೆ ಸುತ್ತಲೂ ಬೇಲಿ ಕಟ್ಟಿದಂತೆ ಕೂರುತ್ತವೆ. ಗಾಳಿ ತುಂಬುವ ವಾಲ್ವ್‌ಗೂ ಟೇಪ್ ಹಾಕಿ.

ಇನ್ನು ಮುಖ್ಯವಾದ ಮಾತು. ವೀಲ್ ನಟ್ ಕೂರುವ ಗುಳಿ ಮತ್ತು ಚಕ್ರ ಹಬ್‌ಗೆ ತಾಗುವ ಹಿಂಭಾಗದ ಚಪ್ಪಟೆ ಜಾಗಕ್ಕೆ ಬಣ್ಣ ಬೀಳಲೇಬಾರದು. ಅಲ್ಲಿ ಬಣ್ಣದ ಪದರ ಇದ್ದರೆ ಓಡುತ್ತಾ ಅದು ಸವೆಯುತ್ತದೆ, ಆಗ ಬಿಗಿ ಮಾಡಿದ ನಟ್ ಸಡಿಲವಾಗುತ್ತದೆ. ಆ ಜಾಗಗಳನ್ನು ಮುಚ್ಚಿಯೇ ಕೆಲಸ ಮಾಡಿ.

ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಒಂದೇ ಕಂಪನಿಯ ಒಂದೇ ಬಗೆಯಲ್ಲಿ ತೆಗೆದುಕೊಳ್ಳಿ. ಒಂದಕ್ಕೊಂದು ಹೊಂದದಿದ್ದರೆ ಬಣ್ಣ ಸುಕ್ಕುಗಟ್ಟುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಪ್ರೈಮರ್ ಬೇರೆಯೇ ಇದೆ. ಒಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೂ ಕ್ಯಾನನ್ನು ಎರಡು ನಿಮಿಷ ಅಲುಗಾಡಿಸಿ. 20-25 ಸೆಂಟಿಮೀಟರ್ ದೂರದಿಂದ, ವಸ್ತುವಿನ ಆಚೆಯೇ ಶುರುಮಾಡಿ, ಈಚೆ ದಾಟಿದ ಮೇಲೆ ಬೆರಳು ಬಿಡಿ. ಮೊದಲ ಕೋಟ್ ಹೊಡೆದಾಗ ಅಡಿಯ ಬಣ್ಣ ಕಾಣುತ್ತಿರಬೇಕು. ಎಲ್ಲರೂ ಇಲ್ಲೇ ಅವಸರ ಮಾಡುವುದು. ಒಂದೇ ಸಲ ಮುಚ್ಚಲು ಹೋದರೆ ಬಣ್ಣ ಇಳಿದು ಗೆರೆಯಾಗುತ್ತದೆ. ಕ್ಯಾನ್ ಮೇಲೆ ಬೇರೆ ಹೇಳಿಲ್ಲದಿದ್ದರೆ 10-15 ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹಾಗೇ ಮೂರನೆಯದು. ಹವೆಯಲ್ಲಿ ತೇವ ಹೆಚ್ಚಿರುವ ದಿನ ಬೇಡ, ಕ್ಲಿಯರ್ ಹಾಲಿನಂತೆ ಬೆಳ್ಳಗಾಗುತ್ತದೆ.

ಕೆಲಸಕ್ಕೆ ಗಾಳಿಯಾಡುವ ಜಾಗ ಬೇಕು, ಆವಿ ತಡೆಯುವ ಮಾಸ್ಕ್ ಬೇಕು. ಕನಿಷ್ಠ 24 ಗಂಟೆ ಒಣಗಿಸಿ ಚಕ್ರ ಹಾಕಿ. ನಟ್‌ಗಳನ್ನು ಎದುರು ಬದುರಾಗಿ ಬಿಗಿಮಾಡಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಟಾರ್ಕ್ (ಬಿಗಿಯ ಅಳತೆ) ಕೊಡಿ, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ನೋಡಿ. ಚಕ್ರ ಬಿಚ್ಚಿರುವಾಗ ಕಾರು ಸ್ಟ್ಯಾಂಡ್ ಮೇಲೆ ನಿಂತಿರಬೇಕು, ಬರೀ ಜಾಕ್ ಮೇಲಲ್ಲ. ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್‌ಗೂ ಕೆಂಪು ಬಣ್ಣ ಬೇಕೆನಿಸಿದರೆ ಶಾಖ ತಾಳುವ ಕ್ಯಾಲಿಪರ್ ಬಣ್ಣವನ್ನೇ ತನ್ನಿ, ಬ್ರಷ್‌ನಲ್ಲೇ ಹಚ್ಚಿ. ಡಿಸ್ಕ್, ಪ್ಯಾಡ್, ರಬ್ಬರ್ ಬೂಟು, ಜಾರುವ ಪಿನ್ನು ಯಾವುದಕ್ಕೂ ಬಣ್ಣ ತಾಗಬಾರದು.

ವಿನೈಲ್ ಶೀಟ್

ಕ್ರೋಮ್ ಪಟ್ಟಿಯನ್ನು ಕಪ್ಪು ಮಾಡುವುದು, ಡ್ಯಾಶ್‌ಬೋರ್ಡ್‌ನ ಗೀರು ಬಿದ್ದ ಪಟ್ಟಿ ಮುಚ್ಚುವುದು, ಛಾವಣಿಗೆ ಬೇರೆ ಬಣ್ಣ ಕೊಡುವುದು ಎಲ್ಲವೂ ಇದರಿಂದ ಆಗುತ್ತದೆ. ಕಲಿಯಲು ಒಳಗಿನ ಚಪ್ಪಟೆ ಪಟ್ಟಿಗಳನ್ನು ಆರಿಸಿಕೊಳ್ಳಿ. ಕನ್ನಡಿಯ ಮುಚ್ಚಳ ಸಣ್ಣದೆಂದು ಸುಲಭ ಅಂದುಕೊಳ್ಳಬೇಡಿ. ಎಲ್ಲ ದಿಕ್ಕಿಗೂ ಬಾಗಿರುವ ಅದು ಛಾವಣಿಗಿಂತ ಕಷ್ಟ. ಛಾವಣಿಗೆ ಬೇಕಾದದ್ದು ಇಬ್ಬರು ಮನುಷ್ಯರು ಮತ್ತು ತಾಳ್ಮೆ.

ಶೀಟ್‌ನಲ್ಲಿ ಎರಡು ಬಗೆ. ಕ್ಯಾಲೆಂಡರ್ಡ್ ಅಗ್ಗ, ಚಪ್ಪಟೆ ಜಾಗಕ್ಕೆ ಸಾಕು. ಕಾಸ್ಟ್ ತೆಳುವಾಗಿದ್ದು ಬಾಗುವಿಕೆಗೆ ಒಗ್ಗುತ್ತದೆ, ಕುಗ್ಗುವುದು ಕಡಿಮೆ. ಯಾವುದೇ ಆಗಲಿ, ಹಿಂಬದಿಯಲ್ಲಿ ಗಾಳಿ ಹೊರಹೋಗುವ ಸಣ್ಣ ಕಾಲುವೆ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಗುಳ್ಳೆಗಳ ಜೊತೆ ಹೋರಾಟವೇ ಆಗುತ್ತದೆ.

ಜಾಗವನ್ನು ಆಲ್ಕೊಹಾಲ್‌ನಲ್ಲಿ ಒರೆಸಿ. ಶೀಟನ್ನು ಸುತ್ತಲೂ ನಾಲ್ಕೈದು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ನಡುವಿನಿಂದ ಹೊರಕ್ಕೆ, ಬಟ್ಟೆಯ ಅಂಚಿರುವ ಸ್ಕ್ವೀಜಿಯಲ್ಲಿ (ಗಾಳಿ ತಳ್ಳಿ ಹೊರಹಾಕುವ ಪ್ಲಾಸ್ಟಿಕ್ ಪಟ್ಟಿಯಲ್ಲಿ) ಒತ್ತುತ್ತಾ ಹೋಗಿ. ಸುಕ್ಕು ಬಂದರೆ ಒತ್ತಿ ಮುಚ್ಚಬೇಡಿ. ಅಲ್ಲಿಯವರೆಗೆ ಎತ್ತಿ, ಸ್ವಲ್ಪ ಬಿಸಿ ತೋರಿಸಿ, ಮತ್ತೆ ಹಾಸಿ. ಬಿಸಿ ತಾಗಿದ ಶೀಟ್ ಬೆರಳಿಗೆ ಮೆತ್ತಗಾಗಿ ತಾನಾಗಿ ಮೊದಲಿನ ಆಕಾರಕ್ಕೆ ಬರುತ್ತದೆ. ಜಾಸ್ತಿ ಎಳೆದರೆ ಅಲ್ಲಿ ಬಣ್ಣ ತೆಳುವಾಗುತ್ತದೆ, ದಿನ ಕಳೆದಂತೆ ಅಂಚು ಹಿಂದಕ್ಕೆ ಸರಿಯುತ್ತದೆ. ಕೊನೆಗೆ ಅಂಚುಗಳನ್ನು ಒಳಕ್ಕೆ ಮಡಚಿ, ತಯಾರಕರು ಹೇಳಿದಷ್ಟು ಬಿಸಿ ಕೊಟ್ಟು ಒತ್ತಿ. ಕಾಸ್ಟ್ ಶೀಟ್‌ಗೆ ಇದು ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾರಿನ ಬಣ್ಣದ ಮೇಲೆ ಬ್ಲೇಡ್ ಆಡಿಸಬೇಡಿ. ಕತ್ತರಿಸಲೆಂದೇ ದಾರ ಇರುವ ನೈಫ್‌ಲೆಸ್ ಟೇಪ್ ಸಿಗುತ್ತದೆ. ಮೊದಲೇ ಅಂಟಿಸಿ, ಮೇಲೆ ಶೀಟ್ ಹಾಸಿ, ದಾರ ಎಳೆದರೆ ನೇರವಾಗಿ ಕತ್ತರಿಸಿ ಬರುತ್ತದೆ.

ಒಳಗೆ

ಸೀಟ್ ಕವರ್ ಕೊಳ್ಳುವ ಮೊದಲು ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಗುರುತು ಇದೆಯೇ ನೋಡಿ. ಇದ್ದರೆ ಅದಕ್ಕೆಂದೇ ಹೊಲಿಗೆ ಬಿಟ್ಟ ಕವರ್ ಬೇಕು, ಮಾಮೂಲಿ ಕವರ್ ಅದನ್ನು ಅರಳಲು ಬಿಡುವುದಿಲ್ಲ. ಸ್ಟಿಯರಿಂಗ್‌ಗೆ ಸೂಜಿ ದಾರದಲ್ಲಿ ಹೊಲಿಯುವ ಕವರ್ ಹಾಕಿ, ಜಾರುವ ಕವರ್ ಬೇಡ. ಡ್ಯಾಶ್‌ಬೋರ್ಡ್‌ಗೆ ಹೊಳಪಿನ ಪಾಲಿಶ್ ಹಚ್ಚಬೇಡಿ, ಅದರ ಬಿಂಬ ಗಾಜಿನಲ್ಲಿ ಬಿದ್ದು ರಸ್ತೆ ಕಾಣುವುದಿಲ್ಲ. ಚಾಲಕನ ಕಾಲಡಿಯ ಮ್ಯಾಟ್ ಕೊಕ್ಕೆಗೆ ಸಿಕ್ಕಿರಲೇಬೇಕು.

ಕಾಲ ಬಳಿ ಎಲ್‌ಇಡಿ ಪಟ್ಟಿ ಹಾಕುವವರು ಸಿಗರೇಟ್ ಲೈಟರ್‌ಗೆ ಚುಚ್ಚುವ ಬಗೆಯಿಂದ ಶುರುಮಾಡಿ, ವೈರ್ ಕತ್ತರಿಸುವ ತೊಂದರೆಯೇ ಇಲ್ಲ. ಫ್ಯೂಸ್ ಬಾಕ್ಸ್‌ನಿಂದ ತೆಗೆದುಕೊಳ್ಳುವುದಾದರೆ ಫ್ಯೂಸ್ ಜಾಗದಲ್ಲೇ ಕೂತು ಇನ್ನೊಂದು ವೈರಿಗೆ ಕರೆಂಟ್ ಕೊಡುವ ಫ್ಯೂಸ್ ಟ್ಯಾಪ್ ಬಳಸಿ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗ ಆರಿಸಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ. ಎಂಜಿನ್ ಓಡುವಾಗ 12 ವೋಲ್ಟ್ ಬದಲು ಸುಮಾರು 14 ವೋಲ್ಟ್ ಬರುತ್ತದೆ, ಹಾಗಾಗಿ ಕಾರಿಗೆಂದೇ ಮಾಡಿದ ಪಟ್ಟಿಯೇ ಬೇಕು. ಹಳದಿ ಕನೆಕ್ಟರ್ ಅಥವಾ ಹಳದಿ ಕವಚದ ವೈರ್ ಸಾಮಾನ್ಯವಾಗಿ ಏರ್‌ಬ್ಯಾಗ್‌ನದು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜ್‌ನದು. ಎರಡನ್ನೂ ಮುಟ್ಟಬೇಡಿ.

ಮುಗಿದ ಮೇಲಿನ ಮೊದಲ ವಾರ

ಹೊಸ ಬಣ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ಒಂದು ವಾರವಾದರೂ ಬೇಕು. ಅಲ್ಲಿಯವರೆಗೆ ವ್ಯಾಕ್ಸ್, ಗಡಸು ಕ್ಲೀನರ್, ಆಟೊಮ್ಯಾಟಿಕ್ ವಾಶ್ ಬೇಡ. ವಿನೈಲ್ ಅಂಚುಗಳನ್ನು ಎರಡು ದಿನ ಬಿಟ್ಟು ಬೆರಳಲ್ಲಿ ಸವರಿ ನೋಡಿ, ಎದ್ದಿದ್ದರೆ ಬಿಸಿ ತೋರಿಸಿ ಒತ್ತಿ. ಪ್ರೆಶರ್ ವಾಶರ್ ಹಿಡಿದರೆ ಅಂಚಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರ ಇರಲಿ, ನೀರು ಅಂಚಿನೊಳಕ್ಕೆ ನುಗ್ಗುವ ದಿಕ್ಕಿನಲ್ಲಿ ಹೊಡೆಯಬೇಡಿ. ಕಾರಿನ ಮುಖ್ಯ ಬಣ್ಣವನ್ನೇ ಬದಲಿಸುವ ಯೋಚನೆಯಿದ್ದರೆ, ಅಥವಾ ದೀಪಕ್ಕೆ, ಕಿಟಕಿಗೆ ಕಪ್ಪು ಫಿಲ್ಮ್ ಹಾಕುವ ಆಸೆಯಿದ್ದರೆ, ಕೊಳ್ಳುವ ಮೊದಲೇ ನಿಮ್ಮ ಊರಿನ ಕಾನೂನು ಮತ್ತು ವಿಮೆಯ ಷರತ್ತು ಓದಿ. ದೀಪವನ್ನು ಮಬ್ಬು ಮಾಡುವ ಫಿಲ್ಮ್ ಅಂತೂ ಕಾನೂನು ಒಪ್ಪಿದರೂ ನನಗೆ ಒಪ್ಪಿಗೆಯಿಲ್ಲ. ಅಷ್ಟು ತಿಕ್ಕಿ ತಿಳಿ ಮಾಡಿದ ಹೆಡ್‌ಲೈಟ್‌ಗೆ ಮತ್ತೆ ಪರದೆ ಯಾಕೆ?